ಬೀಗತಿ ಸುತ್ತಿದ ಹೊಲ, ಉಪಗ್ರಹ ನೋಡಿದ ಹೊಲ

ಫೋನಿನಲ್ಲಿ ಕನ್ನಡ ಬರೆಯಲು ನಾನು ಕಲಿತದ್ದು ಈಚೆಗೆ, ಮಗಳಿಂದ. ಈಗಲೂ ಒತ್ತಕ್ಷರ ಬಂದರೆ ಕೆಸರಲ್ಲಿ ನಿಂತ ಎಮ್ಮೆಯ ಹಾಗೆ ಬೆರಳು ಅಲ್ಲೇ ನಿಂತುಬಿಡುತ್ತದೆ. ಆದರೆ ಪ್ರಶ್ನೆ ಕೇಳುವುದಕ್ಕೆ ಒತ್ತಕ್ಷರ ಅಷ್ಟೇನೂ ಬೇಕಾಗುವುದಿಲ್ಲ. ಅದಕ್ಕೇ ಇರಬೇಕು, ನಾನು ಮೊಟ್ಟಮೊದಲು ಬರೆದದ್ದು ಒಂದು ಪ್ರಶ್ನೆ. ‘ಆಕಾಶದಾಗ ದೀಪ ಸಾಲಾಗಿ ಯಾಕ ಹೊಂಟಾವ?’

ಆ ಪ್ರಶ್ನೆ ಹುಟ್ಟಿದ್ದು ನನ್ನ ಮನೆಯಲ್ಲಲ್ಲ. ನಾನಿರುವುದು ಚಿಕ್ಕೋಡಿ ಪೇಟೆಯೊಳಗೆ; ಅಲ್ಲಿ ಬೀದಿದೀಪದ ಬೆಳಕಿಗೆ ಅರ್ಧ ಆಕಾಶ ಕಾಣುವುದೇ ಇಲ್ಲ. ಹುಟ್ಟಿದ್ದು ಅಲಖನೂರಿನಲ್ಲಿ, ಮಗಳನ್ನು ಕೊಟ್ಟ ಮನೆಯ ಅಂಗಳದಲ್ಲಿ. ಹೋಳಿ ಹುಣ್ಣಿಮೆ ಮುಗಿದು ಬಿಸಿಲು ಏರುತ್ತಿದ್ದ ದಿನಗಳವು. ಮಗಳು ಫೋನ್ ಮಾಡಿದಳು.

“ಅವ್ವಾ, ನಾಕ್ ದಿನ ಬಂದು ಹೋಗು. ಇಲ್ಲಿ ನನ್ನ ಕಡೆ ಮಾತಾಡಾಕ ಒಬ್ಬರರೆ ಬೇಕು.”

“ಯಾಕ, ಜಗಳ ಮಾಡೀಯೇನ?”

“ಜಗಳಲ್ಲಬೇ. ಆಕಾಶದ ಮಾತು ಕೇಳಿ ನೆಲದ ಮ್ಯಾಲೆ ಸೋಲಾಕತ್ತೀನಿ.”

ಇಂಥ ಮಾತು ಕೇಳಿದ ಮೇಲೆ ಮನೆಯಲ್ಲಿ ಕೂರುವ ಪೈಕಿ ನಾನಲ್ಲ. ಎರಡು ಸೀರೆ ಚೀಲಕ್ಕೆ ತುರುಕಿ ರಾಯಬಾಗದ ಬಸ್ ಹತ್ತಿದೆ.

ಬಸ್ಸಿಳಿದು ಮನೆಯವರೆಗೆ ನಡೆಯುತ್ತ ಮಗಳು ಎಲ್ಲವನ್ನೂ ಹೇಳಿದಳು. ಅವರಿಗೊಂದು ಬಾವಿ ಹೊಲವಿದೆ. ಅದರಲ್ಲಿ ಕೂಳೆ ಕಬ್ಬು, ಅಂದರೆ ಒಮ್ಮೆ ಕಡಿದ ಬುಡದಿಂದ ಮತ್ತೆ ಚಿಗುರಿದ ಬೆಳೆ. ಆ ಹೊಲದ ಪಂಪಿನ ಸ್ಟಾರ್ಟರ್ ಡಬ್ಬಿಗೊಂದು ಬೀಗ. ಆ ಬೀಗಕ್ಕೆ ಇರುವುದು ಒಂದೇ ಕೀಲಿಕೈ. ಅದು ಬೀಗರ, ಅಂದರೆ ಮಗಳ ಮಾವನ, ಉಡದಾರದಲ್ಲಿ. ಮೂರು ಫೇಸಿನ ಕರೆಂಟ್ ಬಂತೆಂದರೆ ಬೀಗರು ಎದ್ದು ಹೊರಟರು; ಹೊಲ ಕೆರೆಯಾಗುವ ತನಕ ಪಂಪ್ ನಿಲ್ಲುವುದಿಲ್ಲ. ಹೀಗೆ ವರ್ಷಗಟ್ಟಲೆ ನೀರು ಕುಡಿದು ಕುಡಿದು ಹೊಲದ ಕೆಳಗಿನ ತುದಿ ಸವಳಾಗತೊಡಗಿತ್ತು. ನೆಲದ ಮೇಲೆ ಯಾರೋ ಉಪ್ಪು ಚೆಲ್ಲಿ ಹೋದ ಹಾಗೆ ಬಿಳಿಯ ಪೊರೆ. ನಮ್ಮ ಸೀಮೆಯಲ್ಲಿ ಸವಳು ಹಿಡಿದ ಹೊಲಗಳನ್ನು ನೋಡದವರಿಲ್ಲ. ಕಬ್ಬು ನಿಲ್ಲುತ್ತಿದ್ದಲ್ಲಿ ಈಗ ಜಾಲಿ ನಿಂತಿದೆ. ಬಾವಿ ಹೊಲವೂ ಹಾಗಾದೀತೆಂದು ಮಗಳಿಗೆ ಭಯ. “ನೀರು ಅಳತಿ ಮೀರೇತಿ ಮಾವಾರ” ಎಂದು ಅವಳು ಅನ್ನುವುದು, “ಕಬ್ಬು ನೀರು ಕುಡಿಯದ ಹಾಲು ಕುಡಿತೈತೇನ?” ಎಂದು ಅವರು ಅನ್ನುವುದು, ಇದು ಎರಡು ವರ್ಷದಿಂದ ನಡೆದಿತ್ತು. ಅಳಿಯ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಅಪ್ಪ ಹೇಳಿದ್ದಕ್ಕೂ ಹೂಂ, ಹೆಂಡತಿ ಹೇಳಿದ್ದಕ್ಕೂ ಹೂಂ ಎಂದು ಗಾಡಿ ಹತ್ತಿಬಿಡುತ್ತಾನೆ.

ಹೀಗಿರುವಾಗ ಚಳಿ ಮುಗಿಯುವ ಹೊತ್ತಿಗೆ ಒಂದು ಸಂಸ್ಥೆಯ ಹುಡುಗಿ ಊರಿಗೆ ಬಂದಳಂತೆ. ಹೊಲದ ಗಡಿಯನ್ನು ಫೋನಿನಲ್ಲಿ ಗುರುತು ಮಾಡಿಕೊಂಡು ಹೋದರೆ ಸಾಕು, ಆಮೇಲೆ ಉಪಗ್ರಹ ಮೇಲಿನಿಂದ ನೋಡಿ ಯಾವಾಗ ನೀರು ಬೇಕು, ಯಾವಾಗ ಬೇಡ ಎಂದು ಫೋನಿಗೇ ಸಂದೇಶ ಕಳಿಸುತ್ತದೆ ಎಂದಳಂತೆ. ಮಗಳು ಹೆಸರು ಬರೆಸಿದಳು. ಬೀಗರು ಅಡಿಕೆ ಕತ್ತರಿಸುತ್ತ ಕೂತಲ್ಲಿಂದಲೇ ತೀರ್ಪು ಕೊಟ್ಟರಂತೆ.

“ಈ ಬ್ಯಾಸಗಿ ಬಾವಿ ಹೊಲಕ್ಕ ನೀ ಹೇಳ್ದಾಗಷ್ಟ ನೀರು. ಕಬ್ಬ ಛಲೋ ನಿಂತ್ರ ಕಿಲ್ಲಿ ನಿನ್ನ ಕೈಗೆ. ಒಣಗ್ತಂದ್ರ ಇನ್ನ ಮ್ಯಾಲೆ ನೀರಿನ ಮಾತ ಎತ್ತಬಾರ್ದು.”

ಈಗ ಆಗಿದ್ದು ಏನೆಂದರೆ, ಸಂದೇಶಗಳು ತಪ್ಪದೆ ಬರುತ್ತಿದ್ದವು. ಬಂದಾಗೆಲ್ಲ ಒಂದೇ ಮಾತು. ಮಗಳು ರಸ್ತೆಯಲ್ಲೇ ನಿಂತು ಫೋನಿನಿಂದ ಕೇಳಿಸಿದಳು, ರೇಡಿಯೋದವಳಂಥ ದನಿ: “ಪ್ರಿಯ ರೈತರೇ, ನಿಮ್ಮ ಬೆಳೆ ದಟ್ಟ ಹಸಿರಾಗಿದೆ. ಬೆಳವಣಿಗೆ ಉತ್ತಮವಾಗಿದೆ. ಸದ್ಯ ನೀರು ಕೊಡುವ ಅಗತ್ಯವಿಲ್ಲ.”

“ಖರೇನ ದಟ್ಟ ಹಸರ ಐತೇನ?” ಎಂದೆ.

“ಎಲಿ ಸುರುಳಿ ಸುತ್ತಾಕತ್ತಾವ ಅವ್ವಾ. ಮಾವಾರು ದಿನಾ ಮುಂಜಾನೆ ಹೊಲಕ್ಕ ಹೋಗಿ ಬಂದು ಏನೂ ಮಾತಾಡೂದಿಲ್ಲ. ಕಿಲ್ಲಿ ಅಷ್ಟ ಅಲ್ಲಾಡಸ್ತಾರ.”

ಮನೆ ಮುಟ್ಟಿದಾಗ ಬೀಗರು ಕಟ್ಟೆಯ ಮೇಲೇ ಇದ್ದರು.

“ಬರ್ರಿ ಬೀಗತೇರ. ಮಗಳ ಕಡಿಂದ ವಕೀಲಿ ಮಾಡಾಕ ಬಂದ್ರೇನ?”

“ಹೌದ್ರಿ ಬೀಗರ. ಫೀ ಏನೂ ತಗೊಳ್ಳಂಗಿಲ್ಲ. ಎರಡೂ ಹೊತ್ತು ಬಿಸಿ ರೊಟ್ಟಿ ಹಾಕಿದ್ರ ಸಾಕು.”

“ನಿಮ್ಮ ಕಕ್ಷಿದಾರಳು ಸೋಲಾಕತ್ತಾಳ್ರಿ.”

“ಸಾಕ್ಷಿ ಇನ್ನೂ ಮ್ಯಾಲಿಂದ ಇಳಿದಿಲ್ಲಲ್ರಿ” ಎಂದೆ. ಅವರು ನಕ್ಕರು. ನಗುವಾಗ ಸೊಂಟದ ಕೀಲಿಕೈ ಗಿಲ್ ಎಂದಿತು.

ಆ ಸಂಜೆಯೇ ಆ ದೀಪಗಳು ಕಂಡವು. ಮಗಳು ಎಮ್ಮೆ ಹಿಂಡುತ್ತಿದ್ದಳು. ಬೀಗತಿ, ಅಂದರೆ ಮಗಳ ಅತ್ತೆ, ತುಳಸಿಗೆ ದೀಪ ಹಚ್ಚಿ ತಲೆ ಎತ್ತಿದವರು ಹಾಗೇ ನಿಂತುಬಿಟ್ಟರು. ಅವರ ತವರು ನಿಪ್ಪಾಣಿ ಕಡೆಯ ಭೋಜ. ಗಾಬರಿಯಾದರೆ ಬಾಯಲ್ಲಿ ಮೊದಲು ಬರುವುದು ಮರಾಠಿ.

“ಅಗಬಾಯಿ! ಬೀಗತಿ, ಇತ್ತ ಬರ್ರಿ, ಲಗು ಬರ್ರಿ!”

ಪಡುವಣದಿಂದ ಒಂದು ಸಾಲು ದೀಪ ಹೊರಟಿತ್ತು. ಒಂದರ ಹಿಂದೆ ಒಂದು, ಒಂದೇ ಅಂತರ, ಸದ್ದಿಲ್ಲ. ಸೂಜಿಗೆ ಪೋಣಿಸಿ ಯಾರೋ ದಾರ ಎಳೆದ ಹಾಗೆ ನಮ್ಮ ತಲೆಯ ಮೇಲೆ ಹಾದು, ನಡು ಆಕಾಶ ದಾಟಿ, ಒಂದೊಂದಾಗಿ ಆರಿಹೋದವು. ಬೀಗತಿ ಕೈ ಮುಗಿದೇ ಇದ್ದರು.

“ಯಾರ ಮೆರವಣಿಗಿರಿ ಇದು?” ಎಂದರು.

“ನನಗೇನ್ ಗೊತ್ತ? ನನ್ನ ಕರದಿಲ್ಲ” ಎಂದೆ.

ಆಗಲೇ ನಾನು ಕಟ್ಟೆಯ ಮೇಲೆ ಕೂತು ಆ ನನ್ನ ಮೊದಲ ಪ್ರಶ್ನೆ ಬರೆದದ್ದು. ಫೋನು ಸಾವಧಾನವಾಗಿ ಉತ್ತರ ಕೊಟ್ಟಿತು. ಅವು ಭೂಮಿಗೆಲ್ಲ ಇಂಟರ್‌ನೆಟ್ ಹಂಚುವ ಹೊಸ ಉಪಗ್ರಹಗಳು. ಒಂದೇ ರಾಕೆಟ್ಟಿನಲ್ಲಿ ಹತ್ತಾರು ಹೋಗುತ್ತವೆ. ಹೋದ ಹೊಸತರಲ್ಲಿ ಹೀಗೆ ಸಾಲಾಗಿ ಇರುತ್ತವೆ, ಆಮೇಲೆ ಇನ್ನೂ ಮೇಲಕ್ಕೆ ಹತ್ತಿ ತಮ್ಮ ತಮ್ಮ ಜಾಗಕ್ಕೆ ಚದುರುತ್ತವೆ. ಅವಕ್ಕೆ ಸ್ವಂತ ದೀಪವಿಲ್ಲ. ನಮಗೆ ಹೊತ್ತು ಮುಳುಗಿದರೂ ಅಷ್ಟೆತ್ತರದಲ್ಲಿ ಇನ್ನೂ ಮುಳುಗಿರುವುದಿಲ್ಲ. ಆ ಬಿಸಿಲು ಅವುಗಳ ಮೈಗೆ ಬಿದ್ದು ಹೊಳೆಯುತ್ತದೆ. ನಡುವೆ ಆರಿದ್ದು ಯಾಕೆಂದರೆ ಭೂಮಿಯ ನೆರಳಿಗೆ ಸಿಕ್ಕವು.

ಇದನ್ನು ಓದಿ ಹೇಳಿದಾಗ ಬೀಗತಿಗೆ ನಿರಾಶೆಯಾಗಲಿಲ್ಲ. “ನಾ ಮುಗಿದ ಕೈ ಸೂರ್ಯಗ ಮುಟ್ಟಿತಂದ್ರ ಆತು” ಎಂದರು.

ನನಗೆ ಮಾತ್ರ ಹುಚ್ಚು ಹತ್ತಿತು. ಮರುದಿನದಿಂದ ರೊಟ್ಟಿ ತಟ್ಟುವ ನಡುನಡುವೆ ಹಿಟ್ಟಿನ ಬೆರಳಲ್ಲೇ ಬರೆಯುತ್ತಿದ್ದೆ. ಕೆಟ್ಟುಹೋದ ಉಪಗ್ರಹ ಏನಾಗುತ್ತದೆ? ಕೆಲವು ಕೆಳಗಿಳಿದು ಗಾಳಿಗೆ ಉರಿದುಹೋಗುತ್ತವೆ, ಕೆಲವು ಹೆಣದ ಹಾಗೆ ಸುತ್ತುತ್ತಲೇ ಇರುತ್ತವೆ. ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲವೇ? ಹೊಡೆದದ್ದುಂಟು, ಹೊಡೆದರೆ ಸಾವಿರಾರು ಚೂರು, ಒಂದೊಂದು ಚೂರೂ ಬಂದೂಕಿನ ಗುಂಡಿಗಿಂತ ಜೋರು. ಅದಕ್ಕೆಂದು ಬದುಕಿರುವ ಉಪಗ್ರಹಗಳು ಪಕ್ಕಕ್ಕೆ ಸರಿದು ಸರಿದು ದಾರಿ ಬಿಡುತ್ತವಂತೆ. ಕಸ ಯಾರು ಗುಡಿಸುತ್ತಾರೆ? ಇನ್ನೂ ಸರಿಯಾಗಿ ಯಾರೂ ಇಲ್ಲ, ಪ್ರಯತ್ನ ನಡೆದಿದೆ. ನಕ್ಷತ್ರ ನೋಡುವವರು ಏನನ್ನುತ್ತಾರೆ? ಅವರ ಫೋಟೋದ ಮೇಲೆಲ್ಲ ಗೀರು ಬೀಳುತ್ತಿದೆ ಎಂದು ಸಿಟ್ಟಾಗಿದ್ದಾರೆ.

“ಅಂದ್ರ ಅಲ್ಲೂ ಗದ್ದಲ, ಅಲ್ಲೂ ಕಸ” ಎಂದರು ಬೀಗತಿ ಒಲೆಗೆ ರವದಿ ತಳ್ಳುತ್ತ. ಕಬ್ಬಿನ ಒಣಗರಿ ಭಗ್ಗೆಂದು ಹತ್ತಿತು. “ಅಂಗಳ ಎಲ್ಲಾರ್ದು ಅಂದ್ರ ಕಸಬರಗಿ ಯಾರೂ ಹಿಡಿಯಂಗಿಲ್ಲ ನೋಡ್ರಿ.”

ಇವೆಲ್ಲ ಕೇಳುವುದಕ್ಕೆ ಚೆಂದ. ಆದರೆ ಮಗಳ ಮುಖ ದಿನದಿನಕ್ಕೆ ಸಣ್ಣದಾಗುತ್ತಿತ್ತು. ಒಂದು ಮುಂಜಾನೆ ನಾನು, ಬೀಗತಿ, ಮಗಳು ಮೂವರೂ ಬಾವಿ ಹೊಲಕ್ಕೆ ಹೋದೆವು. ಹೊಲದ ಮೇಲಿನ ಮೂಲೆಯಲ್ಲಿ ಒಂದು ದೊಡ್ಡ ಔದುಂಬರ, ಅಂದರೆ ಅತ್ತಿಮರ, ಇದೆ. ಸುತ್ತ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಪಾದುಕೆ. ಬೀಗತಿಯ ತವರಿನ ಕಡೆ ಔದುಂಬರವೆಂದರೆ ದತ್ತನೇ. ಅವರು ಮದುವೆಯಾಗಿ ಬಂದ ವರ್ಷ ಆ ಪಾದುಕೆ ತಂದು ಇಡಿಸಿದರಂತೆ. ಹೊಲದ ಬಾಯಿಗೆ ಬಂದ ಕೂಡಲೇ ಚಪ್ಪಲಿ ಬಿಟ್ಟು ಮರಕ್ಕೆ ಐದು ಸುತ್ತು ಹಾಕಿ, ಆಮೇಲೇ ಬದುವಿನ ಮೇಲೆ ಕಾಲಿಟ್ಟರು. ನಾನೂ ಅವರ ಹಿಂದೆ ಸುತ್ತಿದೆ. ಮರದ ಕೆಳಗೆ ತಂಪೋ ತಂಪು. ಹೊಸ ಎಲೆ ಬಿಟ್ಟು ಆಕಾಶವೇ ಕಾಣದಷ್ಟು ದಟ್ಟವಾಗಿತ್ತು.

ಮರದ ನೆರಳಿನಿಂದ ಈಚೆ ಬಂದರೆ ಕಬ್ಬು ನೋಡಲಾಗಲಿಲ್ಲ. ಮೊಣಕಾಲೆತ್ತರದ ಚಿಗುರು, ಎಲೆಗಳೆಲ್ಲ ಬೀಡಿ ಸುತ್ತಿದ ಹಾಗೆ ಸುತ್ತಿಕೊಂಡಿದ್ದವು. ಮಗಳು ಕೂತು ಒಂದು ಎಲೆ ಬಿಡಿಸಿ ನೋಡಿದಳು. ಅದು ಮತ್ತೆ ಸುತ್ತಿಕೊಂಡಿತು.

“ನಾಳೆ ಮಾವಾರಿಗೆ ಹೇಳಿಬಿಡ್ತೀನಿ ಅವ್ವಾ, ನೀರ ಬಿಡ್ರಿ ಅಂತ. ಕಿಲ್ಲಿ ಹೋದ್ರ ಹೋತು, ಕಬ್ಬರೆ ಉಳೀಲಿ.”

“ಹೇಳೀಯಂತ ತಡಿ. ಆ ಉಪಗ್ರಹ ಎಂದ ಬರತೈತಿ?”

“ನಾಕೈದ ದಿನಕ್ಕೊಮ್ಮಿ. ಮುಂಜಾನಿ ಊಟಕ್ಕಿಂತ ಮೊದಲ ಹಾದುಹೋಗತೈತಿ ಅಂದಿದ್ಲು ಆ ಹುಡುಗಿ. ನಾಳೇನ ಬರಬೇಕು.”

“ಅದರ ಕಣ್ಣ ಎಷ್ಟ ಸೂಕ್ಷ್ಮ?”

“ಅದಕ್ಕ ನಾನು ನೀನು ಕಾಣಂಗಿಲ್ಲ. ಅದರ ಒಂದ ಚುಕ್ಕಿ ಅಂದ್ರ ನಮ್ಮ ಅಂಗಳದಷ್ಟ ಅಗಲ ಇರತೈತಿ. ಆ ಚುಕ್ಕಿಯೊಳಗ ಇದ್ದದ್ದೆಲ್ಲಾ ಕೂಡಿಸಿ ಒಂದ ಬಣ್ಣ ಮಾಡತೈತಿ.”

ನಾನು ಹಿಂದಿನ ದಿನ ಓದಿದ್ದೊಂದು ತಲೆಯಲ್ಲಿ ಕೊರೆಯುತ್ತಿತ್ತು. ಯುದ್ಧ ನಡೆಯುವ ಕಡೆಗಳಲ್ಲಿ ಉಪಗ್ರಹದ ಸಂಕೇತವನ್ನು ಕೆಡಿಸುತ್ತಾರಂತೆ. ಆಗ ಸಮುದ್ರದಲ್ಲಿರುವ ಹಡಗು, ನಕ್ಷೆಯಲ್ಲಿ ಯಾವುದೋ ವಿಮಾನ ನಿಲ್ದಾಣದೊಳಗೆ ನಿಂತ ಹಾಗೆ ತೋರಿಸುತ್ತದಂತೆ. ಹಡಗು ನಿಲ್ದಾಣದೊಳಗೆ ನಿಲ್ಲಬಹುದಾದರೆ ನಮ್ಮ ಕಬ್ಬು ಯಾರ ಹೊಲದಲ್ಲಿ ನಿಂತಿದೆಯೋ ಯಾರಿಗೆ ಗೊತ್ತು?

“ಒಂದ ದಿನ ತಡಿ” ಎಂದೆ. “ನಾಳೆ ಅದಕ್ಕೊಂದು ಪರೀಕ್ಷಾ ಕೊಡೂಣು.”

ಊರಲ್ಲಿ ಅರಿಶಿನ ಬೆಳೆಯುವ ಮನೆಗಳಿವೆ. ಕುದಿಸಿದ ಅರಿಶಿನ ಒಣಗಿಸಲು ಅವರ ಹತ್ತಿರ ಟಾರ್ಪಾಲಿನ ದೊಡ್ಡ ದೊಡ್ಡ ತಾಡಪತ್ರಿಗಳಿರುತ್ತವೆ. ಬೀಗತಿ ಹೋಗಿ ಕೇಳಿದರೆ ಇಲ್ಲ ಅನ್ನುವವರಿಲ್ಲ. ಮರುದಿನ ಹೊತ್ತು ಏರುವುದರೊಳಗೆ ಕಬ್ಬಿನ ನಡುವೆ, ಚಿಗುರು ಮುರಿಯದ ಹಾಗೆ, ಹಳದಿ ಕಲೆಯ ತಾಡಪತ್ರಿಗಳನ್ನು ಒಂದಕ್ಕೊಂದು ಜೋಡಿಸಿ ಹಾಸಿದೆವು. ಒಂದು ಅಂಗಳವಲ್ಲ, ಮೂರು ಅಂಗಳದಷ್ಟು ಅಗಲ. ಅದರ ಕಣ್ಣಿಗೆ ಬೀಳದೆ ಹೋಗಬಾರದಲ್ಲ. ಆಮೇಲೆ ಮೂವರೂ ಔದುಂಬರದ ಕಟ್ಟೆಗೆ ಹೋಗಿ ಕೂತು ಆಕಾಶ ನೋಡಿದೆವು. ಹಗಲು ಏನು ಕಂಡೀತು, ಏನೂ ಕಾಣಲಿಲ್ಲ. ಬೀಗತಿ ಮಾತ್ರ ಸೆರಗು ಸರಿಮಾಡಿಕೊಂಡು ಕೂತರು.

“ನೀವೇನ ಫೋಟೋಕ್ಕ ಕುಂತೀರೇನ?” ಎಂದೆ.

“ಯಾರಿಗ್ಗೊತ್ತರಿ. ನೋಡಿದ್ರ ನೆಟ್ಟಗ ಕಾಣ್ಲಿ.”

ಅಷ್ಟರಲ್ಲಿ ಬೀಗರು ಬಂದರು. ಬದುವಿನ ಮೇಲೆ ನಿಂತು ತಮ್ಮ ಹೊಲವನ್ನು ಒಮ್ಮೆ, ನಮ್ಮನ್ನು ಒಮ್ಮೆ ನೋಡಿದರು.

“ಕಬ್ಬಿಗೆ ಸೀರಿ ಉಡಿಸೀರೇನ?”

“ಬಿಸಲ ಭಾಳ ಆಗಿತ್ರಿ ಪಾಪ” ಎಂದೆ.

“ನೀರ ಕೊಡ್ಲಿಲ್ಲ, ನೆರಳರೆ ಕೊಟ್ರಿ. ಬೇಷ್” ಎಂದರು. ಕೀಲಿಕೈ ಅಲ್ಲಾಡಿಸಲಿಲ್ಲ. ಸುತ್ತಿಕೊಂಡ ಎಲೆಯೊಂದನ್ನು ಎರಡು ಬೆರಳಲ್ಲಿ ಸವರಿ ಹೋಗಿಬಿಟ್ಟರು. ಅವರ ಮುಖದಲ್ಲಿ ಗೆದ್ದವರ ಖುಷಿ ಇರಲಿಲ್ಲ. ಅವರ ಕಬ್ಬೂ ಅದೇ ಅಲ್ಲವೇ.

ಎರಡನೇ ದಿನ ಸಂದೇಶ ಬಂತು. ಮಗಳು ಫೋನನ್ನು ಅಡುಗೆಮನೆಯ ನಡುವೆ ಇಟ್ಟಳು. ನಾವು ಮೂವರೂ ಬಗ್ಗಿ ಕೇಳಿದೆವು.

“ಪ್ರಿಯ ರೈತರೇ, ನಿಮ್ಮ ಬೆಳೆ ದಟ್ಟ ಹಸಿರಾಗಿದೆ.”

ನನಗೆ ನಗು ತಡೆಯಲಿಲ್ಲ. “ಮೂರ ಅಂಗಳದಷ್ಟ ತಾಡಪತ್ರಿ ಹಸರ ಕಂಡಿತೇನ ಇದಕ್ಕ? ಇದು ನಮ್ಮ ಹೊಲಾನ ನೋಡಾಕತ್ತಿಲ್ಲ!”

ಮಗಳ ಕಣ್ಣು ಅಗಲವಾದವು. ಅಲ್ಲಿಯೇ ಆ ಸಂಸ್ಥೆಯ ಹುಡುಗಿಗೆ ಫೋನ್ ಹಚ್ಚಿದಳು. ಆ ಹುಡುಗಿ ನಿಧಾನವಾಗಿ ಕೇಳಿಸಿಕೊಂಡು, ತನ್ನಲ್ಲಿರುವ ಚಿತ್ರ ಕಳಿಸುತ್ತೇನೆ ಎಂದಳು. ಚಿತ್ರ ಬಂತು. ನಾವು ಹೊಲ ಕಾಣುತ್ತದೆ, ಬಾವಿ ಕಾಣುತ್ತದೆ, ಬದು ಕಾಣುತ್ತದೆ ಎಂದುಕೊಂಡಿದ್ದೆವು. ಅಲ್ಲಿದ್ದದ್ದು ಒಂದೇ ಒಂದು ಚೌಕ, ಹಚ್ಚಹಸಿರು. ರಂಗೋಲಿಯ ಒಂದು ಮನೆಗೆ ಬಣ್ಣ ತುಂಬಿದ ಹಾಗೆ.

“ಇಷ್ಟ ಸಣ್ಣ ಹೊಲಾ ಹೆಂಗ ಆತ್ರಿ?” ಎಂದು ಮಗಳು ಕೇಳಿದಳು.

“ಎಕರೆ ಎಷ್ಟಂತ ನೀವು ಬಾಯಲೆ ಹೇಳಿದ್ದನ್ನ ಬ್ಯಾರೆ ತುಂಬೀನ್ರಿ ಅಕ್ಕಾರ. ಗಡಿ ಮಾತ್ರ ನಡದಾಡಿ ಗುರುತು ಮಾಡಿದ್ದು. ಅವತ್ತ ಭಾಳ ಹೊಲ ಇದ್ದವು, ಗಡಿ ಪೂರಾ ಅಂತ ತೋರಿಸ್ತು, ನಾ ಮುಂದ ಹೋದ್ನಿ. ಅಂದಂಗ ಗಡಿ ನಡದವ್ರ ಯಾರ್ರಿ?”

ಮಗಳು ಅತ್ತೆಯ ಮುಖ ನೋಡಿದಳು. ಅವತ್ತು ನಡೆದದ್ದು ಈಗ ಗೊತ್ತಾಯಿತು. ಮಗಳು ಬಂದ ಹುಡುಗಿಗೆ ಚಹಾ ಕಾಯಿಸಲು ಹೊಲದ ಮನೆಗೆ ಹೋಗಿದ್ದಳು. ಗಡಿ ಗೊತ್ತಿದ್ದವರು ಫೋನ್ ಹಿಡಿದು ಹೊಲದ ಸುತ್ತ ನಡೆದು ಬರಬೇಕು ಎಂದಾಗ ಬೀಗತಿ ನಾನು ಹೋಗುತ್ತೇನೆ ಎಂದು ಫೋನ್ ಇಸಿದುಕೊಂಡಿದ್ದರು.

“ಅತ್ತಿ, ಪೂರಾ ನಡದ್ರೆಲ್ಲ?”

“ಪೂರಾ ನಡದ್ನೆಲ್ಲವಾ! ಒಂದ ಮೂಲಿ ಬಿಟ್ಟಿಲ್ಲ. ಮುಳ್ಳಿನ ಬೇಲಿ ಹತ್ರ ಸೀರಿ ಹರದೈತಿ, ಬೇಕಾದ್ರ ತೋರಸ್ತೀನಿ.” ಬೀಗತಿ ಸೀರೆ ತರಲು ಎದ್ದೇಬಿಟ್ಟರು. ಅವರು ಸುಳ್ಳು ಹೇಳುವವರಲ್ಲ.

“ಹಂಗಾದ್ರ ಮತ್ತೊಮ್ಮಿ ನಡದು ತೋರಸ್ರಿ ಬೀಗತಿ” ಎಂದೆ. “ಅವತ್ತ ಹೆಂಗ ನಡದ್ರಿ, ಹಂಗ.”

ಹೊಲಕ್ಕೆ ಹೋದೆವು. ನನ್ನ ಫೋನನ್ನೇ ಅವರ ಕೈಗೆ ಕೊಟ್ಟೆ. ಅವರು ಅದನ್ನು ಆರತಿ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದರು. ಹೊಲದ ಬಾಯಿಗೆ ಬಂದರು. ಚಪ್ಪಲಿ ಬಿಟ್ಟರು. “ಇಲ್ಲಿ ಆ ಹುಡುಗಿ ಗುಂಡಿ ಒತ್ತಿ ಕೊಟ್ಲು, ನಡೀರಿ ಅಜ್ಜಿ ಅಂದ್ಲು” ಎಂದರು. ಹಾಗಂದವರೇ, ಫೋನ್ ಸಮೇತ, ಔದುಂಬರದ ಸುತ್ತ ತಿರುಗಲು ಹತ್ತಿದರು.

ಒಂದು ಸುತ್ತು ಮುಗಿಯುವಷ್ಟರಲ್ಲಿ ಮಗಳು ಬಾಯಿಗೆ ಸೆರಗು ಒತ್ತಿಕೊಂಡು ಬದುವಿನ ಮೇಲೆ ಕೂತುಬಿಟ್ಟಳು. ಅವಳ ಭುಜ ಕುಣಿಯುತ್ತಿದ್ದವು. ಅಳುತ್ತಿದ್ದಾಳೆಂದು ನಾನು ಹೆದರಿದೆ, ನಗುತ್ತಿದ್ದಳು. ನಡೆಯುತ್ತ ಹೋಗಿ, ಹೊರಟ ಜಾಗಕ್ಕೆ ಮರಳಿ ಮುಟ್ಟಿದ ಕೂಡಲೇ ಗಡಿ ಮುಗಿಯಿತೆಂದು ಆ ಫೋನು ತಾನೇ ಗೆರೆ ಮುಚ್ಚಿಬಿಡುತ್ತದಂತೆ. ಮೊದಲ ಸುತ್ತಿಗೇ ಹೊಲ ಮುಗಿದಿತ್ತು. ಆಮೇಲಿನ ನಾಲ್ಕು ಸುತ್ತು, ಆಮೇಲೆ ಬಿಸಿಲಲ್ಲಿ, ಮುಳ್ಳುಬೇಲಿಯಲ್ಲಿ ಸೀರೆ ಹರಿಸಿಕೊಂಡು ನಡೆದ ಪೂರ್ತಿ ಗಡಿ, ಎಲ್ಲ ಬರೀ ನಡಿಗೆ. ಅಷ್ಟು ದೂರದ ಆಕಾಶದಿಂದ ಆ ಉಪಗ್ರಹ ಅವತ್ತಿನಿಂದ ಕಣ್ಣಿಟ್ಟು ಕಾಯುತ್ತಿದ್ದದ್ದು ಕಬ್ಬನ್ನಲ್ಲ, ದತ್ತನ ಮರವನ್ನು. ಮರ ದಟ್ಟ ಹಸಿರೇ ಇತ್ತು. ಅದು ಒಂದು ದಿನವೂ ತಪ್ಪು ಹೇಳಿರಲಿಲ್ಲ.

ವಿಷಯ ತಿಳಿದಾಗ ಬೀಗತಿ ಕಟ್ಟೆಯ ಮೇಲೆ ಕುಸಿದರು. “ನನ್ನಿಂದ ಸೊಸಿ ಕಿಲ್ಲಿ ಹೋತೇನ್ರಿ?”

“ದೇವರ ಬಿಟ್ಟು ನೀವ ಹೊಲಕ್ಕ ಕಾಲ ಇಡೂದ ಹೆಂಗ? ಅದು ಆ ಫೋನಿಗೆ ತಿಳಿಬೇಕಿತ್ತು” ಎಂದೆ.

“ಅತ್ತಿ, ನಾ ಚಹಾ ಕಾಸೂದ ಬಿಟ್ಟು ನಿಮ್ಮ ಹಿಂದ ಬರಬೇಕಿತ್ತು” ಎಂದಳು ಮಗಳು ಅವರ ಪಕ್ಕ ಕೂತು.

ಮರುದಿನವೇ ಆ ಹುಡುಗಿ ಸ್ಕೂಟಿ ಏರಿ ಬಂದಳು. ತಾನೂ ಸರಿಯಾಗಿ ನೋಡಬೇಕಿತ್ತು ಎಂದು ಒಪ್ಪಿಕೊಂಡಳು, ಆದರೆ ನಗು ಮುಚ್ಚಿಡಲು ಅವಳಿಂದಲೂ ಆಗಲಿಲ್ಲ. ಈ ಸಲವೂ ಬೀಗತಿಯೇ ನಡೆಯಬೇಕೆಂದು ಮಗಳು ಹಟ ಹಿಡಿದಳು. ಬೀಗತಿ ಚಪ್ಪಲಿ ಬಿಟ್ಟರು, ಚಪ್ಪಲಿಯ ಪಕ್ಕದಲ್ಲೇ ಫೋನನ್ನೂ ಬಿಟ್ಟರು. ಬರಿಗೈಯಲ್ಲಿ ಐದು ಸುತ್ತು ಮುಗಿಸಿ ಬಂದು, ಎರಡನ್ನೂ ಎತ್ತಿಕೊಂಡು, ಬದು ಹಿಡಿದು ಹೊರಟರು. ನಾನು ಹಿಂದೆಯೇ ಹೋದೆ, ಮುಳ್ಳುಬೇಲಿಯ ಹತ್ತಿರ ಸೀರೆ ಎತ್ತಿ ಹಿಡಿಯಲು.

ಹುಡುಗಿ ಹಳೆಯ ಗುರುತನ್ನು ಅಳಿಸಲು ಹೊರಟಾಗ ಬೀಗತಿ ತಡೆದರು.

“ಅದನ್ನ ಯಾಕ ತಗೀತಿ? ಇರ್ಲಿ ಬಿಡು. ಇಷ್ಟ ದಿನ ನೋಡೇತಿ, ಇನ್ನ ಮ್ಯಾಲೂ ನೋಡ್ಲಿ.”

“ಅಜ್ಜಿ, ಅದಕ್ಕೊಂದು ಬ್ಯಾರೆ ಫೋನ್ ನಂಬರ್ ಬೇಕಾಗತೈತ್ರಿ.”

“ನಂದ ಹಾಕು” ಎಂದೆ ನಾನು. ಹೀಗೆ ಹೊಲವೇ ಇಲ್ಲದ ನಾನು ಚಿಕ್ಕೋಡಿಯಲ್ಲಿ ಕೂತು ರೈತಳಾದೆ.

ಮಗಳು ಆವತ್ತೇ ಮಾವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬೀಗರು ಬಿದ್ದು ಬಿದ್ದು ನಕ್ಕರು. ಹೆಂಡತಿಯ ಕಡೆ ನೋಡಿ ಮತ್ತೊಮ್ಮೆ ನಕ್ಕರು. ಆಮೇಲೆ, “ಈಗರೆ ಪಂಪ್ ಹಚ್ಚಲ್ಯಾ?” ಎಂದರು.

“ನಾಳೆ ಉಪಗ್ರಹ ಹಾದುಹೋಗತೈತ್ರಿ. ಅಲ್ಲೀತನಕಾ ತಡಿಯೂಣ್ರಿ ಮಾವಾರ.”

ಅವರು ತಡೆದರು. ಅದೇ ನನಗೆ ದೊಡ್ಡದಾಗಿ ಕಂಡಿತು.

ಹೊಸ ಸಂದೇಶ ಬಂದಾಗ ಅದರ ಮಾತೇ ಬದಲಾಗಿತ್ತು. ಹೊಲದ ಮೇಲಿನ ಭಾಗಕ್ಕೆ ಕೂಡಲೇ ನೀರು ಬೇಕು. ಕೆಳಗಿನ ತುದಿಯಲ್ಲಿ ತೇವ ಸಾಕಷ್ಟಿದೆ, ಅಲ್ಲಿ ನೀರು ಬೇಡ. ಬೀಗರು ಹುಬ್ಬು ಗಂಟಿಕ್ಕಿದರು. “ಕೆಳಗೂ ಎಲಿ ಸುತ್ತ್ಯಾವಲ್ಲ? ಅಲ್ಲಿ ತೇವ ಹೆಂಗ ಇರತೈತಿ?” ಎಂದು ಗುದ್ದಲಿ ಹಿಡಿದು ನಡೆದರು. ನಾವೂ ನಡೆದೆವು. ಸವಳು ಹತ್ತಿದ ಕಡೆ ಮೊಣಕೈ ಆಳ ಅಗೆದರು. ಮೇಲಿನ ಪೊರೆ ಬಿಳಿ, ಒಳಗಿನ ಮಣ್ಣು ಕಪ್ಪು, ಹಿಂಡಿದರೆ ಮುಷ್ಟಿಯೊಳಗೇ ಉಂಡೆಯಾಗುವಷ್ಟು ಹಸಿ. ಕಬ್ಬು ಸುತ್ತಿಕೊಂಡದ್ದು ನೀರಿಲ್ಲದೆ ಅಲ್ಲ, ಉಪ್ಪಿನಿಂದ ಕುಡಿಯಲಾಗದೆ. ಬೀಗರು ಆ ಮಣ್ಣಿನ ಉಂಡೆಯನ್ನು ಬಹಳ ಹೊತ್ತು ಕೈಯಲ್ಲಿ ಆಡಿಸಿದರು.

“ಮ್ಯಾಲಿನ ಬೋದಿನ ಸಾಲಿಗಷ್ಟ ನೀರ ಬಿಡೂಣಂತಿ?” ಎಂದು ಕೊನೆಗೆ ಸೊಸೆಯನ್ನು ಕೇಳಿದರು.

“ಹೌದ್ರಿ. ಇಲ್ಲಿ ಒಡ್ಡ ಕಟ್ಟಿಬಿಡೂಣು, ಕೆಳಗ ಇಳಿಯದಂಗ.”

ಅವರು ಒಡ್ಡು ಕಟ್ಟಿದರು. ಪಂಪ್ ಹಚ್ಚಿದರು. ಸಂಜೆಯ ಹೊತ್ತಿಗೆ ಮೇಲಿನ ಎಲೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. ನಾನು ಚಿಕ್ಕೋಡಿಗೆ ಹಿಂತಿರುಗುವ ದಿನವೂ ಕೀಲಿಕೈ ಉಡದಾರದಲ್ಲೇ ಇತ್ತು. ಕೇಳದೆ ಬಸ್ ಹತ್ತಿದೆ. ಮಳೆಗಾಲ ಹಿಡಿದ ಮೇಲೆ ಒಂದು ದಿನ ಮಗಳ ಫೋನ್ ಬಂತು. ಅವಳು ರೊಟ್ಟಿ ತಟ್ಟುತ್ತಿದ್ದಾಗ ಮಾವ ಬಂದು, ಕೀಲಿಕೈ ಬಿಚ್ಚಿ, ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲಿಟ್ಟು ಹೋದರಂತೆ. ಇಟ್ಟು ಅಂದದ್ದು ಇಷ್ಟೇ: “ಸೊಂಟಕ್ಕ ಚುಚ್ಚತಿತ್ತು.”

ಮಗಳು ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳಲಿಲ್ಲ. ಬಾಗಿಲ ಪಕ್ಕದ ಮೊಳೆಗೆ ಹಾಕಿದ್ದಾಳೆ. ಯಾರ ಕೈಗೂ ಎಟಕುತ್ತದೆ. ತೆಗೆಯುವ ಮುಂಚೆ ಮಾತ್ರ ಅವಳನ್ನು ಕೇಳಬೇಕು.

ನನಗೂ ಸಂದೇಶ ಬರುತ್ತಲೇ ಇವೆ. ಬಂದಾಗೆಲ್ಲ ಬೀಗತಿಗೆ ಫೋನ್ ಮಾಡಿ ಓದಿ ಹೇಳುತ್ತೇನೆ. ‘ನಿಮ್ಮ ಬೆಳೆ ದಟ್ಟ ಹಸಿರಾಗಿದೆ’ ಎಂದರೆ ಆ ಕಡೆಯಿಂದ “ಆಗಬೇಕಲ್ಲರಿ” ಎಂಬ ಉತ್ತರ. ಹೀಗೇ ನಡೆದಿದ್ದಾಗ, ಈ ಚಳಿಗಾಲದಲ್ಲಿ ಒಂದು ದಿನ ಬೇರೆಯದೇ ಬಂತು. ‘ಪ್ರಿಯ ರೈತರೇ, ನಿಮ್ಮ ಬೆಳೆ ಸೊರಗುತ್ತಿದೆ. ನೀರಿನ ಕೊರತೆ ಇರಬಹುದು.’ ಔದುಂಬರ ಎಲೆ ಉದುರಿಸುವ ಕಾಲ ಅದು, ನನಗೆ ಗೊತ್ತಿತ್ತು. ಆದರೂ ಬಂದದ್ದನ್ನು ಬಂದ ಹಾಗೆ ಓದಿ ಹೇಳಿದೆ. ಮುಂದೇನಾಗುತ್ತದೆ ನೋಡಬೇಕಿತ್ತು.

ತುಸು ಹೊತ್ತಿಗೆ ಬೀಗತಿಯೇ ತಿರುಗಿ ಫೋನ್ ಮಾಡಿದರು. ಏದುಸಿರು.

“ನೋಡ್ರಿ ಬೀಗತಿ ನಿಮ್ಮ ಮಗಳ ಕಥಿ! ದತ್ತನ ಗಿಡಾ ಒಣಗಾಕತ್ತೈತಿ, ಕಿಲ್ಲಿ ಕೊಡವಾ ಅಂದ್ನಿ. ಕೊಡ್ಲಿಲ್ಲ. ಗುದ್ದಲಿ ತಗೊಂಡು ನನ್ನ ಕೂಡ ಬಂದ್ಲು. ಗಿಡದ ಬುಡಕ ಕೆದರಿದ್ಲು, ಮಣ್ಣ ಹಿಂಡಿದ್ಲು.”

“ಏನಂದ್ಲು?”

“ಹಸಿ ಐತಂತ” ಎಂದರು ಬೀಗತಿ. “ನೀರ ಬ್ಯಾಡಂತ.”

ಹಿಂದಿನಿಂದ ಬೀಗರು ನಗುವುದು ಕೇಳಿಸಿತು.